ಕೌರವನ ಚದರಡಿ ಲೆಕ್ಕ

ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆ ಕಲೆ ಎಂದರೆ ಮೊದಲು ‘ಕುರುಕ್ಷೇತ್ರ’ ನಾಟಕ. ಇಲ್ಲಿ ನಟನಿಗೆ ಸಂಭಾವನೆ ಕೊಡುವುದಿಲ್ಲ. ಅವನೇ ದುಡ್ಡು ಕಟ್ಟಿ ಪಾತ್ರ ಹಿಡಿಯಬೇಕು. ದುರ್ಯೋಧನ, ಕೃಷ್ಣರ ರೇಟು ಜೋರು. ನಕುಲ, ಸಹದೇವರು ಕೊಂಚ ಅಗ್ಗ, ಹಾಡು ಕಡಿಮೆಯಲ್ಲವೇ!

2008ರಲ್ಲಿ ದೇವನಹಳ್ಳಿ ಬಳಿ ವಿಮಾನ ನಿಲ್ದಾಣ ಶುರುವಾದ ಮೇಲೆ ಸಂಧಾನದ ಸೀನಿಗೆ ಹೊಸ ಕಳೆ. ಸೂಜಿಮೊನೆಯಷ್ಟು ನೆಲವನ್ನೂ ಕೊಡೆನೆಂದು ಕೌರವ ತೊಡೆ ತಟ್ಟಿದರೆ, ಮುಂದೆ ಕೂತವರು ಮನಸ್ಸಿನಲ್ಲೇ ಚದರಡಿ ಲೆಕ್ಕ ಹಾಕುತ್ತಾರೆ. ಐದು ಗ್ರಾಮ ಕೇಳುವ ಕೃಷ್ಣ ಹಗಲಲ್ಲಿ ಸೈಟು ದಲ್ಲಾಳಿಯಾಗಿದ್ದರಂತೂ ಮುಗಿಯಿತು: ಸಂಧಾನ ಮುರಿದಾಗ ಅವನ ಮುಖದ ಸಂಕಟ ನಟನೆಯಲ್ಲ, ಕಮಿಷನ್ ಕೈತಪ್ಪಿದ್ದು.

ಹಿಂದೆ ಗುಬ್ಬಿ ನಾಟಕ ಕಂಪನಿಯವರು ಕುರುಕ್ಷೇತ್ರಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದಿದ್ದರು. ನಮ್ಮಲ್ಲಿ ಬಂಧುಗಳೇ ಅಕ್ಷೌಹಿಣಿ. ಭೀಮ ಗದೆ ಎತ್ತುವ ಹೊತ್ತಿಗೆ ಸರಿಯಾಗಿ ಅವನ ಭಾವಮೈದ ಸ್ಟೇಜು ಹತ್ತಿ ನೋಟಿನ ಹಾರ ಹಾಕುತ್ತಾನೆ. ಫೋಟೊ ಮುಗಿಯುವವರೆಗೆ ದುಶ್ಶಾಸನ ಸಾಯದೆ ಕಾಯುತ್ತಾನೆ. ತಾಳ ತಪ್ಪಿದವರನ್ನೆಲ್ಲ ಬೆಳಗಿನವರೆಗೆ ಎಳೆದು ತರುವವರು ಹಾರ್ಮೋನಿಯಂ ಮೇಷ್ಟ್ರು. ನನ್ನ ಪ್ರಕಾರ ನಿಜವಾದ ಪಾರ್ಥಸಾರಥಿ ಅವರೇ.

ಊರಬಾಗಿಲಲ್ಲಿ ಕಿರೀಟ ತೊಟ್ಟವರ ಫ್ಲೆಕ್ಸ್ ಕಂಡರೆ ಬನ್ನಿ. ಶಾಲು ಮರೆಯಬೇಡಿ, ಯುದ್ಧ ಮುಗಿಯುವುದು ಬೆಳಗಿನ ಜಾವಕ್ಕೆ.