ಸಂಧಿವಿಚ್ಛೇದ ಮೀಮಾಂಸೆ

ಕೇಶಿರಾಜ 13ನೆಯ ಶತಮಾನದಲ್ಲಿ ತನ್ನ ಶಬ್ದಮಣಿದರ್ಪಣವನ್ನು ಸಂಧಿಪ್ರಕರಣದಿಂದಲೇ ಶುರುಮಾಡಿದ. ಸಂಧಿ ಹೇಗೆ ಆಗುತ್ತದೆಂದು ವಿಸ್ತಾರವಾಗಿ ಹೇಳಿದ ಆ ಮಹಾನುಭಾವ, ತುಕ್ಕು ಹಿಡಿದ ಸಂಧಿಯನ್ನು ಯಾವ ಹತ್ಯಾರಿನಿಂದ ಬಿಡಿಸಬೇಕೆಂದು ಒಂದು ಸೂತ್ರವನ್ನೂ ಬರೆಯಲಿಲ್ಲ. ಆ ಕೊರತೆಯನ್ನು ತುಂಬುವುದೇ ಪ್ರಸ್ತುತ ಪ್ರಬಂಧದ ಉದ್ದೇಶ.

ನಮ್ಮ ಆಕರಗ್ರಂಥ 1959ರಲ್ಲಿ ಇಂಗ್ಲೆಂಡಿನಲ್ಲಿ ಟ್ರಯಂಫ್ ಹೆರಾಲ್ಡ್ ಎಂದು ಪ್ರಕಟವಾಗಿ, ಮುಂದೆ ಮದರಾಸಿನಲ್ಲಿ ಸ್ಟ್ಯಾಂಡರ್ಡ್ ಹೆರಾಲ್ಡ್ ಎಂಬ ಪಾಠಾಂತರ ಪಡೆದ ಕಾರು. ಸಂಶೋಧಕನ ಬಳಿ ಇರುವುದು ಮದರಾಸಿನ ಪ್ರತಿ. ಅಂಚು ಸವೆದಿದೆ, ನಡುವಿನ ಕೆಲವು ಪುಟಗಳು ತುಕ್ಕಿಗೆ ಹೋಗಿವೆ. ಗ್ರಂಥ ತೆರೆಯುವುದೇನೋ ಸುಲಭ: ಬಾನೆಟ್ಟು ಮಡ್‌ಗಾರ್ಡುಗಳ ಸಮೇತ ಇಡಿಯಾಗಿ ಮುಂದಕ್ಕೆ ಮಗುಚುತ್ತದೆ, ವಿದ್ವಾಂಸರು ಟಯರಿನ ಮೇಲೆ ಕೂತೇ ಅಧ್ಯಯನ ಮಾಡಬಹುದು. ಕೀಲು ಬಿಚ್ಚುವ ದಿನ ಮಾತ್ರ ಟಯರೂ ಕಳಚುವುದರಿಂದ ಪೀಠ ತಪ್ಪಿ ನೆಲವೇ ಗತಿ.

ಮುಂಚಕ್ರ ಹೊತ್ತ ಕಂಬದ ಮೇಲ್ತುದಿಯ ಬಾಲ್ ಜಾಯಿಂಟಿನ ಮೊಳೆ ಟೇಪರ್ ಆಕಾರದ್ದು. ಇಳಿಜಾರು ಎಷ್ಟು ಕಡಿಮೆಯೆಂದರೆ, ನಟ್ಟು ಸಡಿಲಿಸಿದರೂ ಬರಿಯ ಘರ್ಷಣೆಯೇ ಅದನ್ನು ಕಂಬದ ಕಣ್ಣಿನೊಳಗೆ ಕಚ್ಚಿ ಹಿಡಿದಿರುತ್ತದೆ. ಒಳಗಿನ ಗ್ರೀಸು ಒಣಗಿ ಹೋಗಿದ್ದರೆ ಅದು ಲೋಪಸಂಧಿ. ನಡುವೆ ತುಕ್ಕು ಬಂದು ಸೇರಿದ್ದರೆ ಆಗಮಸಂಧಿ. ಮೇಸ್ತ್ರಿ ಬಗ್ಗಿ ನೋಡಿ, "ಇದು ಹೋಯ್ತು ಸಾರ್, ಬೇರೆ ಹಾಕ್ಬೇಕು" ಅಂದರೆ ಆದೇಶಸಂಧಿ. ಬಿಡಿಸಿ ಹೆಸರಿಸಿ ಎಂಬ ಪ್ರಶ್ನೆಗೆ ಶಾಲೆಯಲ್ಲಿ ಎರಡು ಅಂಕವಿತ್ತು. ಇಲ್ಲಿ ಬಿಡಿಸುವುದಕ್ಕೇ ಎರಡು ದಿನ ಹಿಡಿಯಿತು. ಆ ಎರಡು ದಿನ ನಾನು ಅದನ್ನು ಕರೆದ ಹೆಸರುಗಳು ಅಚ್ಚಿಗೆ ಯೋಗ್ಯವಲ್ಲ.

ಬಿಡಿಸುವವರಲ್ಲಿ ಮೂರು ಪಂಥ. ಕವೆಪಂಥದವರು ಎರಡು ಹಲ್ಲಿನ ಬೆಣೆಯನ್ನು ಸಂದಿಗಿಟ್ಟು ದೊಡ್ಡ ಸುತ್ತಿಗೆಯಿಂದ ಬಡಿಯುತ್ತಾರೆ. ಅಮೆರಿಕದವರು ಇದಕ್ಕೆ ಪಿಕಲ್ ಫೋರ್ಕ್ ಎನ್ನುತ್ತಾರಂತೆ. ನಮ್ಮ ಭರಣಿಗೆ ಇದನ್ನು ಇಳಿಸಿದರೆ ಉಪ್ಪಿನಕಾಯಿಯೂ ಇಲ್ಲ, ಭರಣಿಯೂ ಇಲ್ಲ. ಕೀಲು ಬಿಡುವುದು ಖಚಿತ. ರಬ್ಬರ್ ಬೂಟು ಹರಿಯುವುದು ಅದಕ್ಕಿಂತ ಖಚಿತ. ಹೇಗೂ ಗುಜರಿಗೆ ಹೋಗುವ ಕೀಲಾದರೆ ಈ ಮತ ಸಾಧು.

ತಿರುಪುಪಂಥದ ಪುಲ್ಲರ್ ಸಭ್ಯವಾದದ್ದು. ಒಂದು ದವಡೆ ಕಣ್ಣನ್ನು ಹಿಡಿದರೆ ಇನ್ನೊಂದು ಮೊಳೆಯ ತುದಿಯನ್ನು ಒತ್ತುತ್ತದೆ, ಬೋಲ್ಟು ಬಿಗಿದಷ್ಟೂ ಒತ್ತಡ ಏರುತ್ತದೆ, ಬೂಟು ಉಳಿಯುತ್ತದೆ. ಕೊಳ್ಳುವ ಮುಂಚೆ ದವಡೆ ಎಷ್ಟು ಅಗಲ ಬಾಯಿ ಬಿಡುತ್ತದೆಂದು ಅಳೆಯಬೇಕು. ಅಗ್ಗದ್ದಾದರೆ ಕೀಲಿಗಿಂತ ಮೊದಲು ಅದೇ ಬಾಗಿ ನಮಸ್ಕರಿಸುತ್ತದೆ.

ಮೂರನೆಯದು ಜೋಡಿಸುತ್ತಿಗೆಯ ಮೌಖಿಕ ಪರಂಪರೆ. ಕಣ್ಣಿನ ಒಂದು ಮಗ್ಗುಲಿಗೆ ಒಂದು ಸುತ್ತಿಗೆ ಒತ್ತಿ ಹಿಡಿದು, ಎದುರು ಮಗ್ಗುಲಿಗೆ ಇನ್ನೊಂದರಿಂದ ಬಲವಾದ ಒಂದೇ ಏಟು. ತೂತು ಕ್ಷಣಮಾತ್ರ ಆಕಾರ ತಪ್ಪುತ್ತದೆ, ಟಣ್ ಎಂದು ಮೊಳೆ ಬಿಡುತ್ತದೆ. ಮೊಳೆಯ ತುದಿಗೇ ಬಡಿಯುವವರೂ ಉಂಟು. ಮರೆ ಅರಳಿ ಅಣಬೆಯಾದ ಮೇಲೆ ನಟ್ಟು ಹಿಂದೂ ಬರದು, ಮುಂದೂ ಹೋಗದು. ಇಂಥವರನ್ನು ಯಾವ ಪಂಥಕ್ಕೂ ಸೇರಿಸಿಕೊಳ್ಳಲಾಗದು.

ಸಿದ್ಧಾಂತ ಇಷ್ಟು: ಪುಲ್ಲರಿನಿಂದ ಬಿಗಿದು, ಕಣ್ಣಿನ ಮಗ್ಗುಲಿಗೆ ತಟ್ಟುವುದು. ಯಾವ ಪಂಥದವರಾದರೂ ಸರಿ, ಕೆಳಗಿನ ಆರ್ಮ್‌ಗೆ ಜ್ಯಾಕು ಕೊಟ್ಟಿರಲಿ, ನಟ್ಟು ನಾಲ್ಕು ಸುತ್ತು ಮೊಳೆಯಲ್ಲೇ ಇರಲಿ. ಇಲ್ಲವಾದರೆ ಬಿಟ್ಟ ಕೀಲು ಸಂಶೋಧಕನ ಗದ್ದವನ್ನು ಸಂಶೋಧಿಸುತ್ತದೆ.

ಅದೇ ಕಂಬದ ಕೆಳತುದಿಯಲ್ಲಿರುವ ಹಿತ್ತಾಳೆಯ ಟ್ರನಿಯನ್ ತಿರುಪು ಮರೆಯದ್ದು. ಅಲ್ಲಿ ಕವೆಗೆ ಕೆಲಸವೇ ಇಲ್ಲ. ಅದು ಕೇಳುವುದು ಇಪಿ 90 ಗೇರ್ ಆಯಿಲ್. ಪ್ರೀತಿಯಿಂದ ಗ್ರೀಸು ತುಂಬಿದವರ ಕಾರಿನಲ್ಲಿ ಒಳಗಿನ ಮರೆ ಸವೆದು, ತುಕ್ಕು ತಿಂದು, ಕಡೆಗೊಂದು ದಿನ ಕಂಬವೇ ಮುರಿದು ಚಕ್ರ ಮಡಚಿಕೊಳ್ಳುತ್ತದೆ. ಆಯಿಲ್ ಕಂಡದ್ದಕ್ಕೆ ಪ್ರಕೃತಿಭಾವ: ಎರಡೂ ಸೇರಿಯೇ ಇರುತ್ತವೆ, ಎರಡೂ ಹಾಗೆಯೇ ಉಳಿಯುತ್ತವೆ.

ಈ ಪ್ರಬಂಧಕಾರ ಮೊದಲು ಕೊಂಡದ್ದು ಕವೆಯನ್ನೇ. ಹರಿದ ಬೂಟಿಗೆ ಜೋಡಿ ಹುಡುಕುತ್ತ ಬೆಂಗಳೂರಿನ ಜೆ.ಸಿ. ರಸ್ತೆಯನ್ನು ಎರಡು ಸಲ ಕಾಲ್ನಡಿಗೆಯಲ್ಲಿ ಅಳೆದದ್ದೂ ಆಯಿತು. ಕವೆ ಈಗಲೂ ಮನೆಯಲ್ಲಿದೆ. ಬೇಕಾದವರು ಒಯ್ಯಬಹುದು, ಹಿಂದಿರುಗಿಸುವ ಶ್ರಮ ತೆಗೆದುಕೊಳ್ಳಬಾರದೆಂದು ಕೋರಿಕೆ.