ಸಿಪ್ಪೆಯ ಸೇಡು

ಯುಗಾದಿಗೆ ನಮ್ಮ ಮನೆಯಿಂದ ಫಿನಾಯಿಲ್ ಗಡೀಪಾರಾಯಿತು. ಆ ಗಾದಿಗೆ ಬಂದದ್ದು ಬಯೋ ಎಂಜೈಮ್. ಹೆಸರಿಗೆ ಹೆದರಬೇಡಿ. 1 ಪಾಲು ಬೆಲ್ಲ, 3 ಪಾಲು ನಿಂಬೆ-ಮೋಸಂಬಿ ಸಿಪ್ಪೆ, 10 ಪಾಲು ನೀರು, 3 ತಿಂಗಳ ತಾಳ್ಮೆ. ಕೊನೆಯದೊಂದು ನಮ್ಮನೆಯಲ್ಲಿ ಸ್ಟಾಕ್ ಇರಲಿಲ್ಲ, ಅಷ್ಟೇ.

ಡಬ್ಬಕ್ಕೆಲ್ಲ ತುಂಬಿಸಿ ಬಿಗಿಯಾಗಿ ಮುಚ್ಚಿ, "ರೀ, ದಿನಾ ಗ್ಯಾಸ್ ನೋಡ್ಕೊಳ್ಳಿ, ಮರೀಬೇಡಿ" ಎಂದು ಇವಳು ತವರಿಗೆ ಹೊರಟಳು. ನಾನೂ ಚಾಚೂ ತಪ್ಪದೆ ರಾತ್ರಿ ಸಿಲಿಂಡರ್ ಆಫ್ ಮಾಡಿಯೇ ಮಲಗುತ್ತಿದ್ದೆ. ಹುಳಿಯುವ ಬೆಲ್ಲಕ್ಕೂ ಗ್ಯಾಸ್ ಬರುತ್ತದೆ, ಮೊದಲ ತಿಂಗಳು ದಿನಾ ಮುಚ್ಚಳ ಸಡಿಲಿಸಬೇಕು ಅಂತ ಯಾರಿಗೆ ಗೊತ್ತಿತ್ತು?

ಒಂಬತ್ತನೇ ರಾತ್ರಿ ಅಡುಗೆಮನೆಯಲ್ಲಿ 'ಢಂ'! ಬನಿಯನ್ನಿನಲ್ಲೇ ಬೀದಿಗೆ ಓಡಿದೆ. ಪಕ್ಕದ ಮನೆ ರಾಯರು ಟಾರ್ಚ್ ಹಿಡಿದು ಬಂದವರು ಮೂಗರಳಿಸಿ, "ಏನ್ ಸ್ವಾಮಿ, ಮನೇಲೇ ಭಟ್ಟಿ ಇಟ್ಟಿದ್ದೀರಾ?" ಎಂದರು. ಅಷ್ಟರಲ್ಲಿ ಬೆಲ್ಲದ ವಾಸನೆಗೆ ಇರುವೆಗಳ ದಿಬ್ಬಣ ಹೊರಟಿತ್ತು. ಇರುವೆ ಪುಡಿ ಮನೆಯಲ್ಲಿ ನಿಷಿದ್ಧ. ಅರಿಶಿನದ ಗೆರೆ ಎಳೆದೆ. ಒಂದೆರಡು ಹಿಂಜರಿದವು, ಉಳಿದವು ಬಳಸಿಕೊಂಡು ಬಂದವು.

ಬೆಳಿಗ್ಗೆ ಇವಳ ಫೋನು. "ನೆಲ ಹೊಳೀತಿದ್ಯಾ?"

"ನೆಲ ಗೊತ್ತಿಲ್ಲ ಮಾರಾಯ್ತಿ, ಸೂರು ಹೊಳೀತಿದೆ."