ಬೋಲ್ಟನಿಗೆ ಕೋಣ ಸಿಗಲಿಲ್ಲ

ನರಿಕೊಂಬಿನ ಹೋಟೆಲಿನಲ್ಲಿ ಗೋಳಿಬಜೆ ಎಣ್ಣೆಯಿಂದ ಮೇಲೇಳುವಷ್ಟರಲ್ಲಿ ಉಸೇನ್ ಬೋಲ್ಟನ ದಾಖಲೆ ಎರಡು ಸಲ ಮುರಿದಿತ್ತು. 2009ರಲ್ಲಿ ಬರ್ಲಿನ್‌ನಲ್ಲಿ ಆತ 100 ಮೀಟರನ್ನು 9.58 ಸೆಕೆಂಡಿಗೆ ಓಡಿದ್ದನ್ನು ಜಗತ್ತು ಇನ್ನೂ ಮುಟ್ಟಿಲ್ಲ. ಕಂಬಳದ, ಅಂದರೆ ಕೆಸರುಗದ್ದೆಯ ಕೋಣಗಳ ಓಟದ, ಮಾತಿಗೆ ಕೂತ ನಮ್ಮ ಟೇಬಲ್ಲಿಗೆ ಅದು ಹಳೇ ಲೆಕ್ಕ.

"2020ರ ಫೆಬ್ರುವರಿ, ಐಕಳ ಕಂಬಳ. ಶ್ರೀನಿವಾಸ ಗೌಡರು 142.5 ಮೀಟರಿಗೆ 13.62 ಸೆಕೆಂಡ್. ಭಾಗಿಸಿ ನೋಡಿ, ನೂರಕ್ಕೆ 9.55!"

"ಅದೇ ತಿಂಗಳು ವೇಣೂರಿನಲ್ಲಿ ನಿಶಾಂತ್ ಶೆಟ್ಟರು 9.51ಕ್ಕೆ ಇಳಿಸಿದ್ದು?"

ನಾನು ಬಾಯಿ ಹಾಕಿದೆ: "ಅಲ್ಲ ಮಾರಾಯ್ರೇ, ಬೋಲ್ಟನ ಮುಂದೆ ಕೋಣ ಇತ್ತಾ?"

ಟೇಬಲ್ ಸ್ತಬ್ಧ. ತಪ್ಪು ಪ್ರಶ್ನೆ ಎಂದು ಗೊತ್ತಾಗಲು ಚಾ ತಣಿಯಬೇಕಾಗಲಿಲ್ಲ.

"ಬೋಲ್ಟನ ಕಾಲಡಿ ಕೆಸರಿತ್ತಾ?" ಎಂದರು ಹಿರಿಯರೊಬ್ಬರು.

ಇದಕ್ಕೆ ಉತ್ತರವಿಲ್ಲ. ಮೊಣಕಾಲಿನವರೆಗೆ ನೀರು ಚಿಮ್ಮುವ ಕರೆಯಲ್ಲಿ (ಕಂಬಳದ ಓಟದ ಕಣದಲ್ಲಿ), ಹಗ್ಗ ಹಿಡಿದು, ಜೋಡಿ ಕೋಣಗಳ ಬಾಲಕ್ಕೆ ಮುಖ ಕೊಟ್ಟು ಓಡುವುದು ಬೇರೆಯೇ ವಿದ್ಯೆ. ಕೋಣ ಎಳೆಯುತ್ತದೆ ನಿಜ, ಬಿದ್ದರೂ ಎಳೆಯುತ್ತದೆ. ಕರೆಗಳ ಉದ್ದವೂ ಊರಿಂದೂರಿಗೆ ಬೇರೆ. ಹೋಲಿಕೆಯೇ ಸಲ್ಲದು ಎಂಬುದು ನನ್ನ ತೀರ್ಪು. ಗೌಡರೂ ಅದನ್ನೇ ಹೇಳಿದ್ದರು: ಕಂಬಳದಲ್ಲಿ ಹಿಮ್ಮಡಿಯ ಕೆಲಸ, ಟ್ರ್ಯಾಕಿನಲ್ಲಿ ಬೆರಳಿನ ಕೆಲಸ. ಭಾರತೀಯ ಕ್ರೀಡಾ ಪ್ರಾಧಿಕಾರ ಟ್ರಯಲ್ಸ್‌ಗೆ ಕರೆದಾಗಲೂ ಅವರು ಹೋಗಲಿಲ್ಲ, ಕಂಬಳದಲ್ಲೇ ಉಳಿದರು.

ಹಳೇ ದಾಖಲೆ ಯಾವಾಗ ಮುರಿದೀತೆಂದು ಟಿವಿ ಮುಂದೆ ಕಾಯುವವರು ಈ ಸಲ ಕರೆಯ ಬದಿಗೆ ಬನ್ನಿ. ಬಿಳಿ ಅಂಗಿ ಮಾತ್ರ ಬೇಡ.